ಸುಗ್ಗಿಯಲ್ಲಿ ನಿಲ್ಲದ ಪ್ಲಾಸ್ಟರು

2008ರಲ್ಲಿ ನಾನು ರಾಣೇಬೆನ್ನೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳಬೇಕು, ಕಾಲನ್ನು ಹೇಗೆ ಜೋಪಾನ ಮಾಡಬೇಕು, ರೊಟ್ಟಿ ಎಷ್ಟು ತಿನ್ನಬೇಕು ಎಂದು ಕಲಿಸುವ ಕೆಲಸವೂ ನನ್ನದೇ ಆಗಿತ್ತು. ನನ್ನದು ಗಟ್ಟಿ ದನಿ. ಹೇಳಿಕೊಟ್ಟದ್ದನ್ನು ಎದುರಿನವರ ಬಾಯಿಂದ ಮೂರು ಸಲ ಹೇಳಿಸುವ ಚಟ ಬೇರೆ. ಹಾಗಾಗಿ ರೋಗಿಗಳು ಬೆನ್ನ ಹಿಂದೆ ನನ್ನನ್ನು ‘ಸಾಲಿ ಅಕ್ಕೋರು’, ಅಂದರೆ ಶಾಲೆಯ ಟೀಚರು, ಎನ್ನುತ್ತಿದ್ದರು. ಆಮೇಲಾಮೇಲೆ ಎದುರಿಗೂ ಅಕ್ಕೋರ ಎಂದೇ ಕರೆಯತೊಡಗಿದರು. ನನಗೇನೂ ಬೇಸರವಿರಲಿಲ್ಲ.

ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ಡಾಕ್ಟರು ನನ್ನನ್ನು ಇನ್ಸುಲಿನ್ ಪಂಪಿನ ತರಬೇತಿಗೆಂದು ಬೆಂಗಳೂರಿಗೆ ಕಳಿಸಿದ್ದರು. ಆಗ ನಮ್ಮ ಕಡೆ ಅದನ್ನು ಕಣ್ಣಾರೆ ಕಂಡವರೇ ಕಡಿಮೆ. ಪಂಪು ಎಂದ ಕೂಡಲೇ ಎಷ್ಟು ಎಚ್‌.ಪಿ.ದು ಎಂದು ಕೇಳಿದ ರೈತರೂ ಇದ್ದರು.

ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡ ಯಂತ್ರ ಅದು. ಒಳಗೆ ಇನ್ಸುಲಿನ್ ತುಂಬಿರುತ್ತದೆ. ಅಲ್ಲಿಂದ ಹೊರಟ ಸಪೂರವಾದ ಟ್ಯೂಬಿನ ತುದಿಯಲ್ಲಿ ಇನ್‌ಫ್ಯೂಷನ್ ಸೆಟ್ ಇರುತ್ತದೆ. ಈ ಸೆಟ್ಟಿನಲ್ಲಿ ಒಂದು ಸೂಜಿ, ಸೂಜಿಯ ಮೇಲೆ ಹೊದಿಸಿದಂತೆ ಕ್ಯಾನುಲಾ ಎಂಬ ಮೆತ್ತನೆಯ ನಳಿಕೆ, ಅದರ ಸುತ್ತ ಅಂಟಿನ ಪ್ಲಾಸ್ಟರು. ಹೊಟ್ಟೆಯ ಚರ್ಮದಡಿಗೆ ಸೂಜಿ ತೂರಿಸಿ, ಸೂಜಿಯನ್ನಷ್ಟೇ ಹೊರಗೆಳೆದರೆ ನಳಿಕೆ ಒಳಗೆ ಉಳಿಯುತ್ತದೆ. ಪ್ಲಾಸ್ಟರು ಅದನ್ನು ಹಿಡಿದಿಡುತ್ತದೆ. ಮೂರು ದಿನಕ್ಕೊಮ್ಮೆ ಹಳೆಯದನ್ನು ತೆಗೆದು ಬೇರೆ ಜಾಗದಲ್ಲಿ ಹೊಸದನ್ನು ಹಾಕಬೇಕು. ಸ್ಪ್ರಿಂಗಿನ ಸಾಧನದಿಂದ ಟಪ್ಪೆಂದು ನೇರವಾಗಿ ಇಳಿಸುವ ಸೆಟ್ಟುಗಳೂ ಇದ್ದವು. ಆದರೆ ಮೈಯಲ್ಲಿ ಕೊಬ್ಬಿಲ್ಲದ ಮಕ್ಕಳಿಗೆ ಅದು ಸ್ನಾಯುವಿಗೇ ಹೋಗಿ ತಾಕುತ್ತದೆ. ಅಂಥವರಿಗೆ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ, ಓರೆಯಾಗಿ, ಕೈಯಿಂದಲೇ ಹಾಕಬೇಕು.

ಬ್ಯಾಡಗಿಯ ಪಲ್ಲವಿ ಅಂಥ ಹುಡುಗಿ. ಹತ್ತು ವರ್ಷ, ಕಡ್ಡಿಯಂಥ ಮೈ. ಅವಳದು ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ; ಹೊರಗಿನಿಂದ ಕೊಡದಿದ್ದರೆ ಬದುಕಿಲ್ಲ. ದಿನಕ್ಕೆ ನಾಲ್ಕು ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ ರಾತ್ರಿ ಹೊತ್ತು ಸಕ್ಕರೆ ಇಳಿದು ಅವಳಿಗೆ ಫಿಟ್ಸ್ ಬರುತ್ತಿತ್ತು. ಪಂಪಿನಲ್ಲಾದರೆ ರಾತ್ರಿಯ ಪ್ರಮಾಣವನ್ನು ಬೇಕಾದಷ್ಟು ತಗ್ಗಿಸಿ ಇಡಬಹುದು. ಡಾಕ್ಟರು ಅದನ್ನೇ ಹೇಳಿದರು. ಅವಳ ತಂದೆ ವ್ಯಾಪಾರಕ್ಕೆಂದು ಗುಂಟೂರಿನ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯ ಹಿರಿಯನಾದ ದೊಡ್ಡಪ್ಪ ಶಿವಣ್ಣನವರೇ ಮುಂದೆ ನಿಂತು ಪಂಪು ತರಿಸಿದರು.

ಸೆಟ್ ಹಾಕಲು ಕಲಿಯಬೇಕಾದವಳು ತಾಯಿ ಗಿರಿಜವ್ವ. ಮೊದಲು ಹಾಸಿಗೆಯ ಫೋಮಿನ ತುಂಡಿನ ಮೇಲೆ, ಆಮೇಲೆ ನನ್ನದೇ ಹೊಟ್ಟೆಯ ಮೇಲೆ ಹಾಕಿಸಿದೆ. ನನ್ನ ಹೊಟ್ಟೆಯಲ್ಲಿ ಹಿಡಿಯುವುದಕ್ಕೇನೂ ಕೊರತೆಯಿರಲಿಲ್ಲ. ಆಕೆಗೆ ಅಂಜಿಕೆ ಬಹಳ, ಆದರೆ ಕೈ ತಪ್ಪುತ್ತಿರಲಿಲ್ಲ. ಸ್ಪಿರಿಟಿನಿಂದ ಒರೆಸುವುದು, ಆರಲು ಬಿಡುವುದು, ಓರೆಯಾಗಿ ತೂರಿಸುವುದು, ಸೂಜಿ ಎಳೆಯುವುದು, ಎಲ್ಲವನ್ನೂ ಬೇಗ ಕಲಿತಳು. ಇನ್ನೊಂದು ವಿಷಯವನ್ನೂ ಹೇಳಿಕೊಟ್ಟಿದ್ದೆ. ಇನ್ಸುಲಿನ್‌ಗೆ ಆಸ್ಪತ್ರೆಯ ಔಷಧಿಯಂಥ ಒಂದು ವಾಸನೆ ಇರುತ್ತದೆ. ಸೆಟ್ಟಿನ ಹತ್ತಿರ ಮೂಗಿಟ್ಟಾಗ ಆ ವಾಸನೆ ಬಂದರೆ ಅದು ಒಳಗೆ ಹೋಗದೆ ಹೊರಗೆ ಸೋರುತ್ತಿದೆ ಎಂದರ್ಥ.

ಶ್ರಾವಣದಲ್ಲಿ ಪಂಪು ಹಾಕಿದೆವು. ದೀಪಾವಳಿ ಕಳೆದರೂ ಒಂದು ತೊಂದರೆಯಿಲ್ಲ. ಫಿಟ್ಸ್ ನಿಂತೇಹೋಯಿತು, ಹುಡುಗಿಯ ಕೆನ್ನೆ ತುಂಬಿತು. ಬಂದ ರೋಗಿಗಳಿಗೆಲ್ಲ ನಾನು ಗಿರಿಜವ್ವನ ಹೆಸರು ಹೇಳಿ, ಕಲಿತರೆ ಹೀಗೆ ಕಲಿಯಬೇಕು ಎನ್ನುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಎಲ್ಲ ತಲೆಕೆಳಗಾಯಿತು. ಸಕ್ಕರೆ ಇದ್ದಕ್ಕಿದ್ದಂತೆ ಮೇಲೇರತೊಡಗಿತು. ಒಂದು ಮಧ್ಯಾಹ್ನ ಹುಡುಗಿ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ ಮಲಗಿಬಿಟ್ಟಳು. ಮನೆಯವರು ಕಾರು ಮಾಡಿಕೊಂಡು ಹಾವೇರಿಯ ಆಸ್ಪತ್ರೆಯೊಂದಕ್ಕೆ ಒಯ್ದರು. ಕೀಟೋಆಸಿಡೋಸಿಸ್. ಇನ್ಸುಲಿನ್ ಇಲ್ಲದೆ ರಕ್ತವೇ ಹುಳಿಯಾಗುವ ಸ್ಥಿತಿ ಇದು. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಪಂಪಿನಲ್ಲಿ ಬಳಸುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ. ಆದ್ದರಿಂದ ಪೂರೈಕೆ ಅರ್ಧ ದಿನ ನಿಂತರೂ ಮೈಯಲ್ಲಿ ದಾಸ್ತಾನು ಇರುವುದಿಲ್ಲ. ಹಾವೇರಿಯ ವೈದ್ಯರು ಚೆನ್ನಾಗಿ ನೋಡಿಕೊಂಡರು, ಹುಡುಗಿ ಉಳಿದಳು. ಮೂರು ವಾರದಲ್ಲಿ ಮತ್ತೆ ಅದೇ ಸ್ಥಿತಿಯಲ್ಲಿ ಅದೇ ಆಸ್ಪತ್ರೆ ಸೇರಿದಳು.

ನಾವು ಪಂಪನ್ನು ಪರೀಕ್ಷಿಸಿದೆವು. ಸರಿಯಾಗಿತ್ತು. ಇನ್ಸುಲಿನ್ ಬದಲಿಸಿದೆವು, ಸೆಟ್ಟುಗಳ ಪೆಟ್ಟಿಗೆ ಬದಲಿಸಿದೆವು. ಪಂಪು ಒಂದು ಸಲವೂ ಕೂಗಿಕೊಂಡಿರಲಿಲ್ಲ. ಟ್ಯೂಬು ಕಟ್ಟಿಕೊಂಡರೆ ಅದು ಕೂಗುತ್ತದೆ. ಆದರೆ ಸೋರಿಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ತನ್ನ ಪಾಲಿನದನ್ನು ತಳ್ಳಿದ್ದೇನೆ ಎಂದುಕೊಂಡು ಸುಮ್ಮನಿರುತ್ತದೆ. ಸೋರುತ್ತಿದೆಯೇ ಎಂದು ಗಿರಿಜವ್ವನನ್ನು ಕೇಳಿದೆ. ದಿನಾ ಮೂಗಿಟ್ಟು ನೋಡುತ್ತೇನೆ, ಯಾವ ವಾಸನೆಯೂ ಇಲ್ಲ ಎಂದಳು. ರಾಣೇಬೆನ್ನೂರಿಗೆ ಕರೆಸಿ ನನ್ನೆದುರಿಗೇ ಸೆಟ್ ಹಾಕಿಸಿದೆ. ಒಂದು ತಪ್ಪಿಲ್ಲ. ಆ ಸೆಟ್ಟು ಮೂರು ದಿನ ಸರಿಯಾಗಿ ನಡೆಯಿತು. ಊರಿಗೆ ಹೋಗಿ ಹಾಕಿದ ಮುಂದಿನ ಸೆಟ್ಟು ಮರುದಿನವೇ ಕೆಟ್ಟಿತು. ಅದೇ ಕೈ, ಅದೇ ಪೆಟ್ಟಿಗೆಯ ಸೆಟ್ಟು. ನನಗೆ ತಲೆ ಕೆಟ್ಟುಹೋಯಿತು.

ಕಾರಣ ಕಾಣದಿದ್ದಾಗ ಜನ ಮನುಷ್ಯರನ್ನು ಹಿಡಿಯುತ್ತಾರೆ. ಮೊದಲು ಸಿಕ್ಕಿದ್ದು ಹುಡುಗಿ. ಕದ್ದು ಸಿಹಿ ತಿನ್ನುತ್ತಾಳೆ ಎಂದು ಮನೆಯಲ್ಲಿ ಅವಳ ಪಾಟೀಚೀಲ ಜಾಡಿಸಿದರು, ಶಾಲೆಯ ಗೆಳತಿಯರನ್ನು ಕೇಳಿದರು. ನಾನೂ ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿದೆ. “ನಾ ಏನೂ ತಿಂದಿಲ್ರಿ. ಯಾರೂ ನಂಬವಲ್ರು,” ಎಂದಳು. ಅದಾದ ಮೇಲೆ ಅವಳು ಯಾರ ಹತ್ತಿರವೂ ಹೆಚ್ಚು ಮಾತಾಡುವುದನ್ನು ಬಿಟ್ಟಳು. ಎರಡನೆಯ ಸಲ ಸಿಕ್ಕಿದವಳು ಗಿರಿಜವ್ವ. ಆಕೆಯ ಕೈಗುಣ ಸರಿಯಿಲ್ಲ ಎಂದು ದೊಡ್ಡವ್ವ, ಅಂದರೆ ಶಿವಣ್ಣನವರ ಹೆಂಡತಿ, ಓಣಿಯವರೆದುರಿಗೇ ಅಂದಳಂತೆ. ಕೈಗುಣ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ರೋಗಿ ಬದುಕಿದರೆ ಡಾಕ್ಟರ ಕೈಗುಣ, ಸತ್ತರೆ ನರ್ಸಿನ ಕೈಗುಣ ಎನ್ನುವುದನ್ನು ಸಾಕಷ್ಟು ಕೇಳಿದ್ದೇನೆ.

ಫೆಬ್ರವರಿಯಲ್ಲಿ ಶಿವಣ್ಣನವರು ಒಬ್ಬರೇ ನರ್ಸಿಂಗ್ ಹೋಮಿಗೆ ಬಂದರು. ಕೂಗಾಡಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಡಾಕ್ಟರಿಗೆ ಹೇಳಿದರು: “ಇನ್ನೊಂದು ಸಲ ಹಿಂಗಾತಂದ್ರ ಪಂಪ್ ತಗದುಬಿಡ್ರಿ, ಸಾಹೇಬ್ರ. ಕೂಸಿನ್ನ ಹೆಗಲ ಮ್ಯಾಲ ಹಾಕ್ಕೊಂಡು ಮತ್ತ ಹಾವೇರಿಗೆ ಓಡೋ ಧೈರ್ಯ ನನಗಿಲ್ಲ.”

ಪಂಪು ತೆಗೆದರೆ ಮತ್ತೆ ಇಂಜೆಕ್ಷನ್, ಮತ್ತೆ ರಾತ್ರಿಯ ಫಿಟ್ಸ್. ಇಟ್ಟರೆ ಮೂರನೆಯ ಕೀಟೋಆಸಿಡೋಸಿಸ್. ಹುಡುಗಿಗೆ ಯಾವ ಕಡೆಗೂ ದಾರಿಯಿರಲಿಲ್ಲ. ಅವರು ಹೋದ ಮೇಲೆ ಡಾಕ್ಟರು ನನ್ನ ಮುಖ ನೋಡಿದರು. ಮನೆಯಲ್ಲಿ ಹಾಕಿದ್ದು ಮಾತ್ರ ಕೆಡುತ್ತದೆ ಎಂದಾದರೆ ಮನೆಗೇ ಹೋಗಿ ನೋಡುತ್ತೇನೆ ಎಂದೆ.

ಮುಂದಿನ ಸೆಟ್ ಹಾಕುವ ದಿನ ಬೆಳಿಗ್ಗೆ ಬಸ್ಸು ಹಿಡಿದು ಮೋಟೆಬೆನ್ನೂರಿನಲ್ಲಿ ಇಳಿದೆ. ಅಲ್ಲಿಂದ ಟೆಂಪೋದಲ್ಲಿ ಬ್ಯಾಡಗಿ. ಊರು ಇನ್ನೂ ಕಾಣುವ ಮೊದಲೇ ಘಾಟು ಮೂಗಿಗೆ ಬಡಿಯಿತು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋದವರಿಗೆ ಇದು ಗೊತ್ತು. ಹೊಸಬರು ಸೀನಿ ಸೀನಿಯೇ ಊರು ಸೇರುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ದೂರದ ಊರಿನವರು ಹೇಳುತ್ತಾರೆ. ಹಾಗೆನ್ನುವವರು ಒಂದು ದಿನ ರಾಶಿಯ ಮುಂದೆ ಕೂತು ತೊಟ್ಟು ಮುರಿಯಬೇಕು.

ಶಿವಣ್ಣನವರ ಮನೆಯಲ್ಲಿ ಮಾರುಕಟ್ಟೆಯ ವ್ಯಾಪಾರದ ಜೊತೆ ಖಾರದ ಪುಡಿ ಮಾಡಿ ಕೊಡುವ ಕೆಲಸವೂ ಇತ್ತು. ಸುಗ್ಗಿಯ ತಿಂಗಳುಗಳಲ್ಲಿ ಮನೆಯ ಹೆಂಗಸರು, ಓಣಿಯ ಹೆಂಗಸರು ಸೇರಿ ಪಡಸಾಲೆಯಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಹೋದಾಗ ಗಿರಿಜವ್ವ ಮೊಣಕೈವರೆಗೆ ಕೆಂಪಾದ ಕೈಯಿಂದ ರಾಶಿಯ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಏಳಹೋದಳು. ನಾನು ಅಲ್ಲೇ ಒಂದು ಮಣೆಯ ಮೇಲೆ ಕೂತು, ನಾನು ಬಂದೇ ಇಲ್ಲ ಎಂದು ತಿಳಿದುಕೊಂಡು ದಿನಾ ಮಾಡುವ ಹಾಗೆಯೇ ಮಾಡು ಎಂದೆ.

ಮಧ್ಯಾಹ್ನ ಪಲ್ಲವಿ ಶಾಲೆಯಿಂದ ಊಟಕ್ಕೆ ಬಂದಳು. ಅದೇ ಸೆಟ್ ಬದಲಿಸುವ ಹೊತ್ತು. ಗಿರಿಜವ್ವ ಎದ್ದು ಬಚ್ಚಲಿಗೆ ಹೋದಳು, ನಾನೂ ಹಿಂದೆ ಹೋದೆ. ಮೊದಲು ಬಟ್ಟಲಿನಿಂದ ಕುಸುಬಿ ಎಣ್ಣೆ ಸುರಿದುಕೊಂಡು ಎರಡೂ ಕೈಗೆ ತಿಕ್ಕಿದಳು. ಆಮೇಲೆ ಕಡಲೆಹಿಟ್ಟು, ಆಮೇಲೆ ಸಾಬೂನು. ಕೈ ಒರೆಸಿಕೊಂಡು ಬೆರಳನ್ನು ತನ್ನ ತುಟಿಗೆ ಒತ್ತಿ ನೋಡಿದಳು. ಮುಖ ಸಣ್ಣದಾಯಿತು. ಮತ್ತೆ ಒಂದು ಹನಿ ಎಣ್ಣೆ ತೆಗೆದುಕೊಂಡು ಬೆರಳ ತುದಿಗಳಿಗೆ ಸವರಿ ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ತುಟಿಗೆ ಒತ್ತಿದಳು. ಈ ಸಲ ಸಮಾಧಾನವಾಯಿತು.

ಇದೇನು ಎಂದು ಕೇಳಿದೆ.

“ಖಾರ ಹಿಡದ ಕೈ ಅಲ್ರೀ ಅಕ್ಕೋರ. ಸಾಬೂನ ಒಂದಕ್ಕ ಹೋಗಂಗಿಲ್ಲ. ಎಣ್ಣಿ ಹಚ್ಚಿದ್ರನ ಉರಿ ಸಾಯ್ತೈತಿ. ನನ್ನ ತುಟಿಗೆ ಉರಿಲಿಲ್ಲಂದ್ರ ಕೂಸಿಗೂ ಉರಿಯಂಗಿಲ್ಲ.”

ಆಮೇಲಿನದೆಲ್ಲ ನಾನು ಕಲಿಸಿದಂತೆಯೇ ನಡೆಯಿತು. ಮಗಳ ಹೊಟ್ಟೆಯನ್ನು ಸ್ಪಿರಿಟಿನಿಂದ ಒರೆಸಿ ಆರಲು ಬಿಟ್ಟಳು. ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನು ಹಿಡಿದೆತ್ತಿದಳು. ಓರೆಯಾಗಿ ಸೂಜಿ ತೂರಿಸಿ, ಹೊರಗೆಳೆದು, ಪ್ಲಾಸ್ಟರನ್ನು ಒತ್ತಿ ಕೂರಿಸಿದಳು. ಹುಡುಗಿ ಕಣ್ಣು ಮಿಟುಕಿಸಲಿಲ್ಲ. ನಾನು ಬಗ್ಗಿ, ಬೆರಳು ಹಿಡಿದಿದ್ದ ಕಡೆ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಎದ್ದು ಬಂತು. ಎದುರು ಬದಿಯ ಅಂಚನ್ನು ಎಬ್ಬಿಸಿದೆ. ಅದೂ ಬಂತು. ಬೆರಳು ತಾಕದ ಎರಡು ಬದಿ ಮಾತ್ರ ಗಟ್ಟಿಯಾಗಿ ಹಿಡಿದಿದ್ದವು.

ಬಿಸಾಡುವ ಸೂಜಿಗಳನ್ನು ಹಾಕಲೆಂದು ನಾನೇ ಹೇಳಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ತರಿಸಿ, ಹಳೆಯ ಸೆಟ್ಟುಗಳನ್ನು ಕಾಗದದ ಮೇಲೆ ಸುರಿದೆ. ಬಹುತೇಕ ಪ್ಲಾಸ್ಟರುಗಳ ಅಂಟಿಗೆ ಎರಡು ಬದಿ ಚರ್ಮದ ಹೊಟ್ಟು ಮೆತ್ತಿಕೊಂಡಿತ್ತು, ಇನ್ನೆರಡು ಬದಿ ಎಣ್ಣೆಯಿಂದ ನುಣ್ಣಗಿತ್ತು. ಸ್ಪಿರಿಟಿನಿಂದ ಒರೆಸಿದ ಚರ್ಮಕ್ಕೆ ಹಿಡಿದೆತ್ತುವ ಬೆರಳಿನ ಎಣ್ಣೆ ಮತ್ತೆ ಹತ್ತಿ, ಅಷ್ಟು ಜಾಗದಲ್ಲಿ ಅಂಟು ಹಿಡಿಯುತ್ತಿರಲಿಲ್ಲ. ಅಂಚು ಎದ್ದಾಗ ಏನು ಮಾಡುತ್ತಿದ್ದೆ ಎಂದು ಕೇಳಿದರೆ, ಮೇಲೊಂದು ಬೇರೆ ಪ್ಲಾಸ್ಟರು ಹಚ್ಚುತ್ತಿದ್ದೆ ಎಂದಳು ಗಿರಿಜವ್ವ. ಅದನ್ನು ಹೇಳಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಗಟ್ಟಿ. ಒಳಗೆ ಮಾತ್ರ, ಹುಡುಗಿ ಓಡಾಡಿದಂತೆ ಮೆತ್ತನೆಯ ನಳಿಕೆ ಸ್ವಲ್ಪ ಸ್ವಲ್ಪವೇ ಹೊರಗೆ ಸರಿದು, ಇನ್ಸುಲಿನ್ ಚರ್ಮದ ಮೇಲೆ ಹರಿದು ಆರುತ್ತಿತ್ತು. ವಾಸನೆ ಬರಬೇಕಿತ್ತು. ಅಂದೇ ತೆಗೆದಿದ್ದ ಹಳೆಯ ಸೆಟ್ಟಿನ ಹತ್ತಿರ ನಾನು ಮೂಗಿಟ್ಟೆ. ಮೂಗಿನಲ್ಲಿ ಮೆಣಸಿನಕಾಯಿಯ ಘಾಟಿನ ಹೊರತು ಏನೂ ಇರಲಿಲ್ಲ. ಆ ಪಡಸಾಲೆಯಲ್ಲಿ ಕೂತು ಇನ್ಸುಲಿನ್ ವಾಸನೆ ಹಿಡಿಯಲು ಯಾವ ಮೂಗಿಗೂ ಸಾಧ್ಯವಿರಲಿಲ್ಲ.

ಶ್ರಾವಣದಿಂದ ದೀಪಾವಳಿಯವರೆಗೆ ಏಕೆ ತೊಂದರೆಯಿರಲಿಲ್ಲ ಎಂಬುದೂ ಆಗ ತಿಳಿಯಿತು. ಆಗ ಮನೆಯಲ್ಲಿ ಕಾಯಿಯ ರಾಶಿಯಿರಲಿಲ್ಲ. ರಾಣೇಬೆನ್ನೂರಿಗೆ ಬರುವ ದಿನ ಗಿರಿಜವ್ವ ತೊಟ್ಟು ಮುರಿಯಲು ಕೂರುತ್ತಿರಲಿಲ್ಲ. ಮಿಂದು, ಒಳ್ಳೆಯ ಸೀರೆ ಉಟ್ಟು, ಎಣ್ಣೆಯಿಲ್ಲದ ಕೈಯಲ್ಲಿ ಬರುತ್ತಿದ್ದಳು.

ನಾನು ಇದನ್ನೆಲ್ಲ ವಿವರಿಸುತ್ತ ಹೋದಂತೆ ಆಕೆ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ನನಗೆ ಕಾರಣ ಸಿಕ್ಕಿದ ಹುರುಪು. ಆಕೆಗೆ ಏನಾಗುತ್ತಿದೆ ಎಂದು ನಾನು ಗಮನಿಸಿದ್ದು ಮಾತು ಮುಗಿದ ಮೇಲೆ.

“ಅಂದ್ರ ಎರಡೂ ಸಲ ನನ್ನ ಕೈಲೇನ ಆತು ಅನ್ರಿ,” ಎಂದಳು.

ಅಲ್ಲ ಎಂದರೆ ಸುಳ್ಳಾಗುತ್ತಿತ್ತು. ಹೌದು ಎನ್ನಲು ನಾಲಗೆ ಬರಲಿಲ್ಲ. ಕೈಯಿಂದಲ್ಲ, ಎಣ್ಣೆಯಿಂದ ಎಂದಷ್ಟೇ ಹೇಳಿದೆ. ಅದು ಆಕೆಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಅಷ್ಟರಲ್ಲಿ ಶಿವಣ್ಣನವರು ಊಟಕ್ಕೆ ಬಂದರು, ದೊಡ್ಡವ್ವ ಅಡುಗೆಮನೆಯಿಂದ ಹೊರಬಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶಿವಣ್ಣನವರು ಬಾಟಲಿಯ ಸೆಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಪಂಪು ತೆಗೆಯುವ ಮಾತು ಬಿದ್ದುಹೋಯಿತು. ಆದರೆ ಅವರು ಇನ್ನೊಂದು ಮಾತೆತ್ತಿದರು. ದೊಡ್ಡವ್ವ ಅಡುಗೆ ನೋಡಿಕೊಳ್ಳುವವಳು, ಕಾಯಿಯ ರಾಶಿಯ ಹತ್ತಿರ ಹೋಗುವುದಿಲ್ಲ. ಇನ್ನು ಮುಂದೆ ಆಕೆಯೇ ಸೆಟ್ ಹಾಕಲಿ, ನೀವು ಆಕೆಗೆ ಕಲಿಸಿರಿ ಎಂದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನರ್ಸಾಗಿ ಯೋಚಿಸಿದರೆ ನಾನು ಹೇಳಬೇಕಾದದ್ದೂ ಅದೇ. ಗಿರಿಜವ್ವ ತಲೆಯೆತ್ತದೆ, ಹಾಗೇ ಆಗಲಿ ಎಂದಳು.

“ಬ್ಯಾಡ,” ಎಂದಳು ಪಲ್ಲವಿ.

ವಾರಗಟ್ಟಲೆ ಸರಿಯಾಗಿ ಬಾಯಿ ಬಿಡದಿದ್ದ ಹುಡುಗಿ. ಎಲ್ಲರೂ ಅವಳ ಕಡೆ ತಿರುಗಿದರು. ಯಾಕವ್ವ ಎಂದು ಶಿವಣ್ಣನವರು ಮೆತ್ತಗೆ ಕೇಳಿದರು.

“ಅವ್ವನ ಹಾಕ್ಲಿ. ಅಕಿಗೆ ಅಂಜಿಕಿ ಭಾಳ ಐತಿ. ಅದಕ್ಕ ಹಗೂರಕ ಹಾಕ್ತಾಳ.”

ಗಿರಿಜವ್ವ ಅಲ್ಲಿಯವರೆಗೆ ತಡೆದುಕೊಂಡಿದ್ದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಶಿವಣ್ಣನವರು ಎದ್ದು ಅಂಗಳಕ್ಕೆ ಹೋದರು. ನಾನೂ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಕೆಲಸ ಬಾಕಿಯಿತ್ತು. ಆಗಷ್ಟೇ ಹಾಕಿದ್ದ ಸೆಟ್ಟನ್ನು ತೆಗೆದು ಹೊಸದನ್ನು ಹಾಕಬೇಕಿತ್ತು. ಎಣ್ಣೆಯಿಲ್ಲದ ಕೈಯಿಂದ ಮಗಳನ್ನು ಮುಟ್ಟಲು ಗಿರಿಜವ್ವ ತಯಾರಿರಲಿಲ್ಲ. ನಾನು ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಆಕೆಯ ಎರಡೂ ಕೈಯನ್ನು, ಉಗುರಿನ ಸಂದಿಯನ್ನೂ ಬಿಡದೆ, ಮತ್ತೆ ಮತ್ತೆ ಒರೆಸಿದೆ. ಸ್ಪಿರಿಟ್ ಎಣ್ಣೆಯನ್ನೂ ತೆಗೆಯುತ್ತದೆ, ಖಾರವನ್ನೂ ತೆಗೆಯುತ್ತದೆ. ಆಮೇಲೆ ಸಾಬೂನಿನಿಂದ ತೊಳೆಸಿದೆ. ಆಕೆ ಬೆರಳನ್ನು ತುಟಿಗಿಟ್ಟು ನೋಡಿದಳು; ನಂಬಿಕೆ ಬರಲಿಲ್ಲ. ಹಾಗಿದ್ದರೆ ನನ್ನ ಕಣ್ಣಿನ ರೆಪ್ಪೆಗೆ ಮುಟ್ಟಿಸು ಎಂದು ಮುಖ ಮುಂದೆ ಮಾಡಿದೆ. ಮುಟ್ಟಿಸಿದಳು. ಒಳಗೊಳಗೇ ನನಗೂ ಭಯವಿತ್ತು, ಆದರೆ ಉರಿಯಲಿಲ್ಲ. ಆಗ ಒಂದು ಒಣ ಗಾಜ್ ಬಟ್ಟೆಯ ತುಂಡನ್ನು ನಡುವೆ ಇಟ್ಟು ಚರ್ಮ ಹಿಡಿದೆತ್ತಲು ಹೇಳಿದೆ. ಅವಳು ಹಾಗೆಯೇ ಹಾಕಿದಳು. ಪ್ಲಾಸ್ಟರಿನ ಅಂಚುಗಳನ್ನು ಎಳೆದು ನೋಡಿದೆ. ಚರ್ಮವೂ ಜೊತೆಗೆ ಎದ್ದು ಬಂತು. ಹುಡುಗಿ “ಸ್ಸ್” ಎಂದು ಮೊದಲ ಬಾರಿಗೆ ನನ್ನ ಮೇಲೆ ಸಿಟ್ಟಾದಳು.

ಅಂದಿನಿಂದ ಸೆಟ್ ಹಾಕುವ ಹೊತ್ತನ್ನು ಬೆಳಿಗ್ಗೆಗೆ, ಕಾಯಿಯ ರಾಶಿ ಮುಟ್ಟುವ ಮೊದಲಿಗೆ ಬದಲಿಸಿದೆವು. ಮೂಗನ್ನು ನಂಬುವ ಬದಲು ಹೊಸ ಸೆಟ್ ಹಾಕಿದ ಎರಡು ಗಂಟೆಗೆ ಸಕ್ಕರೆ ನೋಡುವುದು ಎಂದು ಗೊತ್ತುಮಾಡಿದೆವು. ಅಂಚು ಎದ್ದ ಪ್ಲಾಸ್ಟರಿನ ಮೇಲೆ ಇನ್ನೊಂದನ್ನು ಹಚ್ಚುವುದಿಲ್ಲ, ತೆಗೆದು ಬೇರೆ ಹಾಕುವುದು. ಆ ಸುಗ್ಗಿ ಮುಗಿಯುವವರೆಗೆ, ಅದರ ಮುಂದಿನ ಸುಗ್ಗಿಯಲ್ಲೂ, ಪಲ್ಲವಿ ಹಾವೇರಿಯ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ತನ್ನ ಸೆಟ್ಟನ್ನು ತಾನೇ ಹಾಕಿಕೊಳ್ಳಲು ಕಲಿತಳು. ಅವ್ವನಿಗಿಂತ ಒರಟಾಗಿ ಹಾಕಿಕೊಳ್ಳುತ್ತಿದ್ದಳು ಎನ್ನುವುದು ಬೇರೆ ಮಾತು.

ಆ ಪ್ರಕರಣದ ಮೊದಲು ನಾನು ಎಲ್ಲರಿಗೂ ಕೈ ತೊಳೆದುಕೊಳ್ಳಿರಿ ಎಂದು ಹೇಳಿಕೊಡುತ್ತಿದ್ದೆ. ಆಮೇಲೆ, ಇದನ್ನು ಮಾಡುವ ಮೊದಲು ನಿಮ್ಮ ಕೈ ಏನು ಮಾಡುತ್ತಿರುತ್ತದೆ ಎಂದು ಕೇಳುವುದನ್ನು ಕಲಿತೆ. ಬೆಣ್ಣೆ ಕಾಯಿಸುವವರು ಇರುತ್ತಾರೆ, ಗ್ಯಾರೇಜಿನಲ್ಲಿ ಗ್ರೀಸು ಹಚ್ಚುವವರು ಇರುತ್ತಾರೆ. ಆಸ್ಪತ್ರೆಗೆ ಬರುವ ಕೈ ಬೇರೆ, ಮನೆಯಲ್ಲಿ ದುಡಿಯುವ ಕೈ ಬೇರೆ. ಹೊಸ ನರ್ಸುಗಳಿಗೆ ಇದನ್ನು ಹೇಳಿದಾಗ, ರೋಗಿಗಳು ಎಷ್ಟು ಹೇಳಿದರೂ ಅಸಡ್ಡೆ ಮಾಡುತ್ತಾರೆ ಎಂದು ದೂರುತ್ತಾರೆ. ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಬ್ಯಾಡಗಿಯ ಆ ಮನೆಯಲ್ಲಿ ಹುಡುಗಿಯನ್ನು ಎರಡು ಸಲ ಸಾವಿನ ಬಾಗಿಲಿಗೆ ಒಯ್ದದ್ದು ಅಸಡ್ಡೆಯಲ್ಲ, ಕೂಸಿಗೆ ಉರಿಯಬಾರದು ಎಂಬ ಅಕ್ಕರೆ. ಅಸಡ್ಡೆಯಿಂದಾದ ತಪ್ಪನ್ನು ಕುರ್ಚಿಯಲ್ಲಿ ಕೂತೇ ಬೈದು ತಿದ್ದಬಹುದು. ಅಕ್ಕರೆಯಿಂದಾದ ತಪ್ಪು ಕಾಣಬೇಕಾದರೆ ಅವರ ಮನೆಗೆ ಹೋಗಿ, ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ಕೂತು ನೋಡಬೇಕು.